ಪ್ಸಿಲೋರಿಟಿಸ್ ಹತ್ತುವವರಿಗೆ: ಕ್ರೀಟ್‌ನ ಬೆಟ್ಟವನ್ನು ಕಲ್ಲಿನಿಂದ ಕಥೆಯವರೆಗೆ ನೋಡುವ ಸಮಗ್ರ ಮಾರ್ಗದರ್ಶಿ

ಗ್ರೀಸ್ ಪ್ರವಾಸ ಎಂದರೆ ನಮ್ಮಲ್ಲಿ ಬಹಳಷ್ಟು ಜನಕ್ಕೆ ಅಥೆನ್ಸ್, ಸ್ಯಾಂಟೊರಿನಿ ಅಷ್ಟೇ. ಕ್ರೀಟ್ ದ್ವೀಪದವರೆಗೆ ಹೋದವರೂ ಕ್ನೋಸೊಸ್ ಅರಮನೆ ನೋಡಿ, ಒಂದೆರಡು ಕಡಲತೀರ ಸುತ್ತಿ ವಿಮಾನ ಹತ್ತುತ್ತಾರೆ. ದ್ವೀಪದ ನಟ್ಟನಡುವೆ 2,456 ಮೀಟರ್ ಎತ್ತರದ ಒಂದು ಬೆಟ್ಟವಿದೆ. ಹಳಬರಿಗೆ ಅದು ಇಡಾ, ಈಗಿನವರಿಗೆ ಪ್ಸಿಲೋರಿಟಿಸ್. ಗ್ರೀಕರ ದೇವರಾಜ ಜೀಯಸ್ ಬೆಳೆದದ್ದು ಇಲ್ಲಿನ ಗುಹೆಯಲ್ಲಿ ಎಂಬ ನಂಬಿಕೆಯಿದೆ. ಅಲ್ಲಿಗೆ ಹೋಗುವುದು ಹೇಗೆ, ಏನನ್ನು ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಶಿಖರ ಮುಟ್ಟಿ ಬರುವುದಷ್ಟೇ ಗುರಿಯಾದರೆ ಒಂದು ದಿನ ಸಾಕು. ಬೆಟ್ಟವನ್ನು ನಿಜವಾಗಿ ನೋಡಬೇಕೆಂದಿದ್ದರೆ ಕನಿಷ್ಠ ನಾಲ್ಕು ದಿನ ಇಟ್ಟುಕೊಳ್ಳಿ.

ಹಂತ 1: ಮೊದಲು ಕಲ್ಲನ್ನು ಅರ್ಥಮಾಡಿಕೊಳ್ಳಿ

ಇದನ್ನು ಹೊರಡುವ ಮುಂಚೆಯೇ ಮಾಡಬೇಕು, ಏಕೆಂದರೆ ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಪ್ಸಿಲೋರಿಟಿಸ್ ಬಹುಪಾಲು ಸುಣ್ಣಕಲ್ಲಿನ ಬೆಟ್ಟ. ಕೋಟ್ಯಂತರ ವರ್ಷ ಹಿಂದೆ ಸಮುದ್ರದ ತಳದಲ್ಲಿ ಪದರಪದರವಾಗಿ ಕೂತ ಕಲ್ಲು, ಆಫ್ರಿಕಾದ ಭೂಫಲಕ ಏಜಿಯನ್ ಸಮುದ್ರದ ಫಲಕದ ಕೆಳಗೆ ನುಗ್ಗುತ್ತಾ ಬಂದಂತೆ ಮಡಚಿಕೊಂಡು ಮೇಲೆದ್ದಿದೆ. ರಸ್ತೆ ಬದಿಯ ಕಡಿದಾದ ಬಂಡೆಗಳಲ್ಲಿ ಆ ಮಡಿಕೆಗಳು ಬರಿಗಣ್ಣಿಗೇ ಕಾಣುತ್ತವೆ. ಇಡೀ ಪ್ರದೇಶ ಯುನೆಸ್ಕೊ ಜಾಗತಿಕ ಭೂ ಉದ್ಯಾನಗಳ ಪಟ್ಟಿಯಲ್ಲಿದೆ.

ಸುಣ್ಣಕಲ್ಲು ನೀರನ್ನು ಹಿಡಿದಿಡುವುದಿಲ್ಲ, ಕುಡಿದುಬಿಡುತ್ತದೆ. ಚಳಿಗಾಲದಲ್ಲಿ ಆಳೆತ್ತರ ಹಿಮ ಬಿದ್ದರೂ ಬೇಸಿಗೆಯಲ್ಲಿ ಮೇಲೆ ಒಂದು ತೊರೆ ಕಾಣಿಸದು. ಕರಗಿದ ನೀರೆಲ್ಲ ಬಿರುಕುಗಳಲ್ಲಿ ಇಳಿದು ಬುಡದಲ್ಲಿ ಏಳುತ್ತದೆ: ದಕ್ಷಿಣದ ಜಾರೊಸ್ ಊರಿನ ಸಿಹಿನೀರಿನ ಬುಗ್ಗೆಗಳಾಗಿ, ಉತ್ತರದಲ್ಲಿ ದ್ವೀಪದ ಮುಖ್ಯ ಪಟ್ಟಣ ಹೆರಾಕ್ಲಿಯೋನ್ ಪಕ್ಕದ ಅಲ್ಮಿರೊಸ್ ಎಂಬ ದೊಡ್ಡ ಬುಗ್ಗೆಯಾಗಿ. ಅಲ್ಮಿರೊಸ್‌ಗೆ ಸಮುದ್ರದ ನೀರು ಬೆರೆಯುವುದರಿಂದ ಅದು ಉಪ್ಪುಪ್ಪು.

ನೀರು ಹೀಗೆ ಒಳಗಿಳಿಯುವುದರಿಂದಲೇ ಗುಹೆಗಳು ಕೊರೆದುಕೊಂಡಿವೆ. ಮೇಲೆ ನೀರಿಲ್ಲದ್ದರಿಂದ ಊರುಗಳೆಲ್ಲ ಬುಡದಲ್ಲೇ ಉಳಿದವು, ಎತ್ತರ ಕುರಿಗಾಹಿಗಳ ಪಾಲಾಯಿತು. ದೇವರು, ದೇವರಿಗೆ ಹರಕೆ ಹೊತ್ತವರು, ಬಂಡಾಯಗಾರರು, ಕುರಿಕಳ್ಳರು, ಗಿಣ್ಣು (ಚೀಸ್) ಮಾಡುವವರು ಎಲ್ಲರಿಗೂ ಆಸರೆ ಕೊಟ್ಟದ್ದು ಈ ಗುಹೆಗಳೇ. ಪ್ಸಿಲೋರಿಟಿಸ್‌ನ ಪುರಾಣವನ್ನು ಅದರ ಭೂಗೋಳದಿಂದ ಬಿಡಿಸಿ ಓದಿದರೆ ಅರ್ಧ ಮಾತ್ರ ಸಿಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಂತ 2: ಕಾಲ ಮತ್ತು ದಾರಿ

ಮೇ ಕೊನೆಯಿಂದ ಜೂನ್, ಇಲ್ಲವೇ ಸೆಪ್ಟೆಂಬರ್. ಇವೆರಡೇ ಒಳ್ಳೆಯ ಕಾಲ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು ಬಂಡೆಗೆ ಬಡಿದು ಮೇಲಕ್ಕೇಳುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮೇಲೆಲ್ಲ ಹಿಮ, ಬೂಟಿಗೆ ಕಟ್ಟುವ ಮುಳ್ಳುಪಟ್ಟಿ ಮತ್ತು ಹಿಮಗೊಡಲಿ ಬಳಸಿ ರೂಢಿಯಿಲ್ಲದವರು ಆ ತಿಂಗಳುಗಳಲ್ಲಿ ಹೋಗಲೇಬಾರದು.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಬೇಸಿಗೆ ರಶ್ಶಿನಲ್ಲಿ ಬೇಗ ಹಾಕಿದಷ್ಟೂ ಒಳ್ಳೆಯದು. ಅಥೆನ್ಸ್‌ನಿಂದ ಹೆರಾಕ್ಲಿಯೋನ್‌ಗೆ ಒಂದು ಗಂಟೆಯೊಳಗಿನ ವಿಮಾನವಿದೆ. ಪೈರೆಯಸ್ ಬಂದರಿನಿಂದ ರಾತ್ರಿ ಹಡಗು ಹತ್ತಿದರೆ ಬೆಳಗ್ಗೆ ಹೆರಾಕ್ಲಿಯೋನ್. ಅಲ್ಲಿಂದ ಬೆಟ್ಟದ ಊರು ಅನೋಗಿಯಾಕ್ಕೆ ಸುಮಾರು 35 ಕಿಲೋಮೀಟರ್. ಬಸ್ ಇದೆ, ಆದರೆ ಅನೋಗಿಯಾದಿಂದ ಮೇಲಿನ ನಿಡಾ ಬಯಲಿಗೆ ಬಸ್ಸನ್ನು ನಂಬಿಕೊಳ್ಳುವ ಹಾಗಿಲ್ಲ, ಬಾಡಿಗೆ ಕಾರು ಬೇಕಾಗುತ್ತದೆ. ಊರಿಂದ ಹೊರಡುವ ಮುಂಚೆ ನಿಮ್ಮ ಆರ್‌ಟಿಓ ಕಚೇರಿಯಲ್ಲಿ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಮಣ್ಣುರಸ್ತೆಯಲ್ಲಿ ಆಗುವ ಹಾನಿಗೆ ಬಾಡಿಗೆ ಕಾರಿನ ವಿಮೆ ಅನೇಕ ಸಲ ಅನ್ವಯಿಸುವುದಿಲ್ಲ. ಸಹಿ ಹಾಕುವ ಮುಂಚೆ ಆ ಷರತ್ತನ್ನು ಓದಿ.

ಹಂತ 3: ಬೆಟ್ಟಕ್ಕೆ ಮುಂಚೆ ಮ್ಯೂಸಿಯಂ

ಮೊದಲ ದಿನ ನೇರ ಬೆಟ್ಟಕ್ಕೆ ಓಡಬೇಡಿ. ಹೆರಾಕ್ಲಿಯೋನ್ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಕೊಡಿ. ಜೀಯಸ್ ಬೆಳೆದನೆನ್ನುವ ಇಡಾ ಗುಹೆಯಲ್ಲಿ ಸಿಕ್ಕ ಮುಖ್ಯ ವಸ್ತುಗಳು ಈಗ ಇಲ್ಲಿವೆ. ಇದನ್ನು ನೋಡದೆ ಹೋದರೆ ಮೇಲೆ ನಿಮಗೆ ಕಾಣುವುದು ಒಂದು ಖಾಲಿ ಗುಹೆ ಮಾತ್ರ.

ಕಥೆ ಹೀಗಿದೆ. ಮಕ್ಕಳಲ್ಲೊಬ್ಬ ತನ್ನನ್ನು ಸಿಂಹಾಸನದಿಂದ ಇಳಿಸುತ್ತಾನೆಂಬ ಭಯದಿಂದ ಕ್ರೋನಸ್ ಹುಟ್ಟಿದ ಶಿಶುಗಳನ್ನೆಲ್ಲ ನುಂಗುತ್ತಿದ್ದ. ಜೀಯಸ್ ಹುಟ್ಟಿದಾಗ ತಾಯಿ ರಿಯಾ ಬಟ್ಟೆಯಲ್ಲಿ ಕಲ್ಲು ಸುತ್ತಿ ಗಂಡನ ಕೈಗಿಟ್ಟು, ಮಗುವನ್ನು ಕ್ರೀಟ್‌ನ ಗುಹೆಯಲ್ಲಿ ಬಚ್ಚಿಟ್ಟಳು. ಅಮಾಲ್ಥಿಯಾ ಎಂಬ ಮೇಕೆ ಹಾಲು ಕೊಟ್ಟಿತು, ಜೇನ್ನೊಣಗಳು ಜೇನು ತಂದವು. ಮಗುವಿನ ಅಳು ಅಪ್ಪನ ಕಿವಿಗೆ ಬೀಳದಿರಲೆಂದು ಕೂರೆಟಿಸ್ ಎಂಬ ಯುವ ಯೋಧರು ಗುರಾಣಿಗಳನ್ನು ಬಡಿಯುತ್ತಾ ಕುಣಿದರು.

ಈಗ ಮ್ಯೂಸಿಯಂನಲ್ಲಿ ಇಡಾ ಗುಹೆಯ ಕಂಚಿನ ವಸ್ತುಗಳಿರುವ ಕಡೆ ಹೋಗಿ. ಕ್ರಿ.ಪೂ. 8 ಮತ್ತು 7ನೇ ಶತಮಾನದ ಕಂಚಿನ ಗುರಾಣಿಗಳ ಜೊತೆ ಒಂದು ದುಂಡು ಫಲಕವಿದೆ. ಹತ್ತಿರ ನಿಂತು ನೋಡಿ. ನಡುವೆ ಗಡ್ಡ ಬಿಟ್ಟ ದೇವರು, ಒಂದು ಕಾಲು ಗೂಳಿಯ ಮೇಲೆ, ಎರಡೂ ಕೈಯಲ್ಲಿ ಸಿಂಹವನ್ನು ತಲೆಯ ಮೇಲೆತ್ತಿ ಹಿಡಿದಿದ್ದಾನೆ. ಎರಡೂ ಕಡೆ ರೆಕ್ಕೆಯುಳ್ಳ ಇಬ್ಬರು ಕೈಯಲ್ಲಿರುವುದನ್ನು ಬಡಿಯುತ್ತಿದ್ದಾರೆ. ಗಡ್ಡದ ಸುರುಳಿ, ಉಡುಪಿನ ಅಂಚು, ರೆಕ್ಕೆಯ ಗರಿ ಎಲ್ಲವೂ ಅಸೀರಿಯಾದ ಶೈಲಿ. ವಿಷಯ ಮಾತ್ರ ಕ್ರೀಟ್‌ನ ಕುರಿಗಾಹಿ ಬೆಟ್ಟದ್ದು. ಗುರಾಣಿ ಬಡಿದ ಕಥೆಯನ್ನು ನಂಬಿದವರು ಅದೇ ಗುಹೆಗೆ ಗುರಾಣಿಗಳನ್ನೇ ಹರಕೆಯಾಗಿ ತಂದು ಒಪ್ಪಿಸಿದ್ದರು.

ಜೀಯಸ್ ಗುಹೆ ತಮ್ಮದೆಂದು ಹೇಳುವ ಇನ್ನೊಂದು ಊರೂ ಇದೆ: ಪೂರ್ವದ ಲಸಿಥಿ ಬಯಲಿನ ಪ್ಸಿಕ್ರೊ. ಹುಟ್ಟಿದ್ದು ಅಲ್ಲಿ, ಬೆಳೆದದ್ದು ಇಲ್ಲಿ ಎಂದು ಹಂಚಿಕೊಂಡು ಹೇಳುವವರಿದ್ದಾರೆ. ಇನ್ನೂ ಮುಂದೆ ಹೋಗಿ ಕ್ರೀಟ್‌ನವರು ಜೀಯಸ್ ಸತ್ತ, ಅವನ ಸಮಾಧಿಯೂ ನಮ್ಮಲ್ಲೇ ಇದೆ ಎನ್ನುತ್ತಿದ್ದರು. ಹೆರಾಕ್ಲಿಯೋನ್‌ನಿಂದ ಕಾಣುವ ಯುಕ್ತಾಸ್ ಬೆಟ್ಟ ಮಲಗಿದ ಗಡ್ಡದ ಮುಖದಂತೆ ಕಾಣುತ್ತದಲ್ಲ, ಅದೇ ಆ ಸಮಾಧಿಯಂತೆ. ಅಮರನಾದ ದೇವರಿಗೆ ಸಮಾಧಿ ಕಟ್ಟಿದ್ದಕ್ಕೇ ಕವಿ ಕ್ಯಾಲಿಮಾಕಸ್ ಕ್ರೀಟ್‌ನವರನ್ನು ಸುಳ್ಳರೆಂದು ಜರೆದ. ನನಗೆ ಇದು ಸುಳ್ಳಾಗಿ ಕಾಣುವುದಿಲ್ಲ. ವರ್ಷಕ್ಕೊಮ್ಮೆ ಒಣಗಿ ಮತ್ತೆ ಚಿಗುರುವ ನೆಲದಲ್ಲಿ ದೇವರೂ ಸತ್ತು ಹುಟ್ಟುವುದು ಸಹಜ.

ಹಂತ 4: ಅನೋಗಿಯಾದಲ್ಲಿ ಎರಡು ರಾತ್ರಿ

ಅನೋಗಿಯಾ ಸುಮಾರು 740 ಮೀಟರ್ ಎತ್ತರದ ಕುರಿಗಾಹಿಗಳ ಊರು. ಮನೆಗಳು ಹೊಸದಾಗಿವೆಯಲ್ಲ ಎನಿಸಿದರೆ ಅದಕ್ಕೆ ಕಾರಣ ಊರ ಚೌಕದಲ್ಲೇ ಕಲ್ಲಿನಲ್ಲಿ ಕೆತ್ತಿದೆ. ಎರಡನೇ ಮಹಾಯುದ್ಧದಲ್ಲಿ ಕ್ರೀಟ್ ಜರ್ಮನ್ನರ ಕೈಯಲ್ಲಿತ್ತು. 1944ರ ಏಪ್ರಿಲ್ 26ರಂದು ಪ್ಯಾಟ್ರಿಕ್ ಲೀ ಫರ್ಮರ್ ಎಂಬ ಬ್ರಿಟಿಷ್ ಅಧಿಕಾರಿ ಮತ್ತು ಕ್ರೀಟ್‌ನ ಪ್ರತಿರೋಧದ ಹೋರಾಟಗಾರರು ಸೇರಿ ಜರ್ಮನ್ ಸೇನಾಪತಿ ಕ್ರೈಪೆಯನ್ನು ಕ್ನೋಸೊಸ್ ಬಳಿ ಅಪಹರಿಸಿದರು. ಅವನನ್ನು ಕಾಲ್ನಡಿಗೆಯಲ್ಲಿ ಇದೇ ಬೆಟ್ಟ ದಾಟಿಸಿ, ಮೇ 14ರಂದು ದಕ್ಷಿಣ ತೀರದಿಂದ ಈಜಿಪ್ಟ್‌ಗೆ ಸಾಗಿಸಿದರು. ಆಗಸ್ಟ್ 13ರಂದು ಸೇನಾಪತಿ ಮ್ಯುಲ್ಲರ್ ಆದೇಶ ಹೊರಡಿಸಿದ: ಅನೋಗಿಯಾವನ್ನು ನೆಲಸಮ ಮಾಡಬೇಕು, ಊರಲ್ಲೂ ಅದರ ಒಂದು ಕಿಲೋಮೀಟರ್ ಸುತ್ತಲೂ ಸಿಕ್ಕ ಪ್ರತಿಯೊಬ್ಬ ಗಂಡಸನ್ನೂ ಕೊಲ್ಲಬೇಕು. ಅಪಹರಣಕಾರರಿಗೆ ದಾರಿ ಕೊಟ್ಟದ್ದು ಆದೇಶದಲ್ಲಿ ಹೇಳಿದ ಕಾರಣಗಳಲ್ಲೊಂದು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಮ್ಯುಲ್ಲರ್‌ಗೆ ಅಥೆನ್ಸ್‌ನಲ್ಲಿ ಮರಣದಂಡನೆಯಾಯಿತು. ಇದಕ್ಕೂ ಮುಂಚೆ ಆಟೊಮನ್ನರ ಕಾಲದಲ್ಲಿ, 1822 ಮತ್ತು 1867ರಲ್ಲಿ, ಊರು ಎರಡು ಸಲ ಸುಟ್ಟುಹೋಗಿತ್ತು. ಆ ಕಲ್ಲಿನ ಮುಂದೆ ಒಂದೈದು ನಿಮಿಷ ನಿಂತು, ಆಮೇಲೆ ಚೌಕದ ಕಾಫಿ ಅಂಗಡಿಯಲ್ಲಿ ಕೂತುಕೊಳ್ಳಿ.

ಇಲ್ಲಿನ ಮಾತುಕತೆ ಹಾಡಿಗೆ ತಿರುಗಲು ಹೊತ್ತು ಬೇಡ. ಮೂರು ತಂತಿಯ ಲಿರಾ ವಾದ್ಯ, ಅದರ ಜೊತೆ ಮಂಟಿನಾಡಾ ಎಂಬ ಪ್ರಾಸಬದ್ಧ ದ್ವಿಪದಿ, ಪ್ರತಿ ಸಾಲಿಗೆ ಹದಿನೈದು ಅಕ್ಷರ. ಒಬ್ಬ ಹೇಳಿದ್ದಕ್ಕೆ ಇನ್ನೊಬ್ಬ ಕೂತಲ್ಲೇ ಕಟ್ಟಿ ಉತ್ತರಿಸುತ್ತಾನೆ. ಗ್ರೀಸ್ ತುಂಬ ಹೆಸರಾದ ಗಾಯಕ ನಿಕೊಸ್ ಕ್ಸಿಲೂರಿಸ್ ಹುಟ್ಟಿದ್ದು ಇದೇ ಊರಲ್ಲಿ, 1936ರಲ್ಲಿ. ಲಿರಾ ಕಲಿಯುವ ಬಗ್ಗೆ ಕ್ರೀಟ್‌ನಲ್ಲಿ ಒಂದು ಜಾನಪದ ಕಥೆಯಿದೆ. ಕಲಿಯುವವನು ನಡುರಾತ್ರಿ ಕವಲುದಾರಿಗೆ ಹೋಗಿ, ಕಪ್ಪು ಹಿಡಿಯ ಚಾಕುವಿನಿಂದ ನೆಲದ ಮೇಲೆ ವೃತ್ತ ಎಳೆದು ಅದರೊಳಗೆ ಕೂತು ನುಡಿಸಬೇಕು. ನೆರೈಡಾ ಎಂಬ ಮಾಯಾಕನ್ನಿಕೆಯರು ಬಂದು ವೃತ್ತದಿಂದ ಹೊರಗೆಳೆಯಲು ನೂರು ಆಸೆ ತೋರಿಸುತ್ತಾರೆ. ಜಗ್ಗದೆ ಕೂತವನಿಗೆ ಕೊನೆಗೆ ಅವರೇ ವಿದ್ಯೆ ಕಲಿಸಿ ಹೋಗುತ್ತಾರೆ.

ಕುರಿಗಳ್ಳತನ ಇಲ್ಲಿ ಶತಮಾನಗಳ ರೂಢಿ, ಅದಕ್ಕೆ ಹೊಂದಿಕೊಂಡ ನ್ಯಾಯವೂ ಬೆಳೆದಿತ್ತು. ಅನುಮಾನಕ್ಕೆ ಸಿಕ್ಕಿದವನನ್ನು ಆಕ್ಸೊಸ್ ಸಮೀಪದ ದಿಸ್ಕೂರಿ ಮಠಕ್ಕೆ ಕರೆದೊಯ್ದು ಸಂತ ಜಾರ್ಜ್‌ನ ಚಿತ್ರದ ಮುಂದೆ ಪ್ರಮಾಣ ಮಾಡಿಸುತ್ತಿದ್ದರು. ಕೋರ್ಟಿನಲ್ಲಿ ಸುಳ್ಳು ಹೇಳಲು ಹೆದರದವನೂ ಅಲ್ಲಿ ಹೇಳಲು ಹಿಂಜರಿಯುತ್ತಿದ್ದ. ಆಣೆ ಪ್ರಮಾಣದ ಗುಡಿಗಳನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಊಟದ ಬಗ್ಗೆ ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಬಿಳಿ ಅನ್ನದಂತೆ ಕಾಣುವ ಪಿಲಾಫಿ, ಗಿಣ್ಣು ಉದುರಿಸಿದ ಮ್ಯಾಕರೋನಿ ಎರಡನ್ನೂ ಇಲ್ಲಿ ಸಾಮಾನ್ಯವಾಗಿ ಮಾಂಸದ ಸಾರಿನಲ್ಲೇ ಬೇಯಿಸುತ್ತಾರೆ. ಕೇಳಿ ತಿನ್ನಿ. ಬಾರ್ಲಿ ರಸ್ಕಿನ ಮೇಲೆ ಟೊಮ್ಯಾಟೊ, ಗಿಣ್ಣು ಹಾಕಿದ ಡಾಕೊಸ್, ಬೇಯಿಸಿದ ಕಾಡುಸೊಪ್ಪು ಹೋರ್ತಾ, ಜೇನಿನ ಜೊತೆ ಗ್ರಾವಿಯೆರಾ ಗಿಣ್ಣು, ಇವು ಧಾರಾಳವಾಗಿ ಸಿಗುತ್ತವೆ. ಯಾರಾದರೂ ಪುಟ್ಟ ಗ್ಲಾಸಿನಲ್ಲಿ ರಾಕಿ ಎಂಬ ಮದ್ಯ ತಂದಿಟ್ಟರೆ ಅದು ಮರ್ಯಾದೆ. ಕುಡಿಯದವರು ಎದೆಯ ಮೇಲೆ ಕೈಯಿಟ್ಟು ನಗುಮುಖದಿಂದ ಬೇಡವೆಂದರೆ ಸಾಕು.

ಹಂತ 5: ನಿಡಾ ರಸ್ತೆಯಲ್ಲಿ ಎಲ್ಲೆಲ್ಲಿ ನಿಲ್ಲಬೇಕು

ಅನೋಗಿಯಾದಿಂದ ನಿಡಾ ಬಯಲಿಗೆ ಇಪ್ಪತ್ತು ಕಿಲೋಮೀಟರ್‌ಗಿಂತ ತುಸು ಹೆಚ್ಚು, ಪೂರ್ತಿ ಡಾಂಬರು. ದಾರಿಫಲಕಗಳಲ್ಲಿ ಗುಂಡಿನ ತೂತುಗಳಿರುತ್ತವೆ, ಗಾಬರಿ ಬೇಡ.

ಮೊದಲ ನಿಲುಗಡೆ ಜೋಮಿಂಥೊಸ್, 1,187 ಮೀಟರ್. ಯಾನಿಸ್ ಸಕೆಲ್ಲಾರಾಕಿಸ್ ಎಂಬ ಪುರಾತತ್ವಜ್ಞ 1982ರಲ್ಲಿ ಇಲ್ಲಿ ಮಿನೋಅನ್ (ಕ್ರೀಟ್‌ನ ಕಂಚಿನ ಯುಗದ ನಾಗರಿಕತೆ) ಕಾಲದ ದೊಡ್ಡ ಕಟ್ಟಡವೊಂದನ್ನು ಗುರುತಿಸಿದರು. ಸುಮಾರು 3,600 ವರ್ಷ ಹಿಂದೆ ಇಷ್ಟು ಎತ್ತರದಲ್ಲಿ ಮಹಡಿ ಮನೆ, ಕುಂಬಾರನ ಕಾರ್ಯಾಗಾರ! ಕ್ನೋಸೊಸ್‌ನಿಂದ ಗುಹೆಗೆ ಹೋಗುವ ಯಾತ್ರಾದಾರಿ ಇಲ್ಲೇ ಹಾದುಹೋಗುತ್ತಿತ್ತು. ಪ್ಲೇಟೊ ಬರೆದ 'ಲಾಸ್' ಸಂವಾದ ನಡೆಯುವುದೂ ಆ ದಾರಿಯಲ್ಲೇ. ಅಥೆನ್ಸ್, ಸ್ಪಾರ್ಟಾ, ಕ್ರೀಟ್‌ನ ಮೂವರು ಮುದುಕರು ಬೇಸಿಗೆಯ ದೀರ್ಘ ಹಗಲಿನಲ್ಲಿ ಕ್ನೋಸೊಸ್‌ನಿಂದ ಜೀಯಸ್ ಗುಹೆಯ ಕಡೆ ನಡೆಯುತ್ತಾ ಒಳ್ಳೆಯ ಕಾನೂನು ಹೇಗಿರಬೇಕೆಂದು ಮಾತಾಡುತ್ತಾರೆ. ಆ ವಿಷಯಕ್ಕೆ ಈ ದಾರಿಯೇ ಏಕೆಂದರೆ, ದೊರೆ ಮಿನೋಸ್ ಒಂಬತ್ತು ವರ್ಷಕ್ಕೊಮ್ಮೆ ಗುಹೆಗೆ ಹೋಗಿ ಜೀಯಸ್‌ನಿಂದಲೇ ಕಾನೂನು ಪಡೆದು ಬರುತ್ತಿದ್ದನೆಂಬ ಐತಿಹ್ಯ. ದಾರಿಯುದ್ದಕ್ಕೂ ಎತ್ತರದ ಸೈಪ್ರೆಸ್ ತೋಪುಗಳ ನೆರಳಿದೆ ಎಂದು ಅವರು ಖುಷಿಪಡುತ್ತಾರೆ. ಇಂದು ಆ ನೆರಳಿಲ್ಲ.

ಎರಡನೆಯದು ಮಿಟಾಟೊ, ಅಂದರೆ ಕುರಿಗಾಹಿಗಳ ಕಲ್ಲುಗೂಡು. ರಸ್ತೆ ಬದಿಯಲ್ಲೇ ಹಲವು ಕಾಣುತ್ತವೆ. ಒಂದರೊಳಗೆ ಬಗ್ಗಿ ನೋಡಿ. ಗಾರೆ ಇಲ್ಲ, ತೊಲೆ ಇಲ್ಲ. ಚಪ್ಪಟೆ ಸುಣ್ಣಕಲ್ಲಿನ ಪ್ರತಿ ಸುತ್ತನ್ನೂ ಕೆಳಗಿನ ಸುತ್ತಿಗಿಂತ ಬೆರಳಷ್ಟು ಒಳಕ್ಕೆ ಚಾಚಿ, ಮಳೆನೀರು ಹೊರಗೆ ಜಾರಲೆಂದು ತುಸು ಹೊರಕ್ಕೆ ಓರೆ ಮಾಡಿ ಇಟ್ಟಿರುತ್ತಾರೆ. ಸುತ್ತು ಕಿರಿದಾಗುತ್ತಾ ಹೋಗಿ ನೆತ್ತಿಯಲ್ಲಿ ಒಂದು ತೂತು ಉಳಿಯುತ್ತದೆ, ಹೊಗೆ ಹೋಗಲು, ಬೆಳಕು ಬರಲು. ಒಳಗೆ ಹಾಲು ಕಾಯಿಸುವ ಒಲೆ, ಗೋಡೆಯಲ್ಲೇ ಗೂಡು, ಪಕ್ಕದ ಕೋಣೆಯಲ್ಲಿ ಗಿಣ್ಣು ಮಾಗಿಸುವ ತಂಪು. ಮೆಸಾರಾ ಬಯಲಿನ ಮಿನೋಅನ್ ದುಂಡು ಗೋರಿಗಳ ಕಟ್ಟಡಕ್ಕೂ ಇದಕ್ಕೂ ಹೋಲಿಕೆ ಎದ್ದುಕಾಣುತ್ತದೆ. ನಡುವೆ ನಾಲ್ಕು ಸಾವಿರ ವರ್ಷದ ಅಂತರವಿದೆ, ಆದ್ದರಿಂದ ಹೋಲಿಕೆಯನ್ನೇ ವಂಶಾವಳಿ ಎನ್ನುವ ಆತುರ ಬೇಡ. ಪಿಕಪ್ ಗಾಡಿ ಬಂದ ಮೇಲೆ ಕುರುಬರು ಸಂಜೆಗೆ ಊರಿಗೇ ಮರಳುತ್ತಾರೆ, ಮಿಟಾಟೊಗಳು ಒಂದೊಂದಾಗಿ ಕುಸಿಯುತ್ತಿವೆ. ತಲೆಯೆಣಿಕೆಗೆ ಕೊಟ್ಟ ಸಹಾಯಧನದಿಂದ ಕುರಿಗಳ ಸಂಖ್ಯೆ ಮಾತ್ರ ಏರಿ, ಹುಲ್ಲುಗಾವಲು ಸವೆದಿದೆ. ಈ ಬೆಟ್ಟಕ್ಕೆ ಇಂದು ಇರುವ ದೊಡ್ಡ ಸಂಕಟ ಅದೇ.

ಮಧ್ಯೆ ಕವಲೊಡೆದು 1,750 ಮೀಟರ್‌ನ ಸ್ಕಿನಾಕಾಸ್ ಖಗೋಳ ವೀಕ್ಷಣಾಲಯಕ್ಕೆ ದಾರಿ ಹೋಗುತ್ತದೆ. ಬೇಸಿಗೆಯಲ್ಲಿ ಸಾರ್ವಜನಿಕರಿಗಾಗಿ ಕೆಲವು ದಿನ ತೆರೆಯುತ್ತಾರೆ, ದಿನಾಂಕ ಮೊದಲೇ ನೋಡಿಕೊಂಡಿರಿ.

ಹಂತ 6: ನಿಡಾ ಮತ್ತು ಇಡಾ ಗುಹೆ

ನಿಡಾ ಸುಮಾರು 1,400 ಮೀಟರ್ ಎತ್ತರದಲ್ಲಿ ಬೆಟ್ಟಗಳ ನಡುವಿನ ಮುಚ್ಚಿದ ಬಯಲು. ಇಲ್ಲಿಂದ ನೀರು ಹರಿದುಹೋಗಲು ಹೊಳೆಯಿಲ್ಲ, ನೆಲದ ಬಿಲಗಳಲ್ಲೇ ಇಂಗುತ್ತದೆ. ಬಯಲಿನಲ್ಲಿ ಮಲಗಿದ ಮನುಷ್ಯಾಕಾರವೊಂದನ್ನು ಕಲ್ಲುಗಳಿಂದ ಜೋಡಿಸಿದ್ದಾರೆ. 1944ರ ನೆನಪಿಗೆ ಜರ್ಮನ್ ಕಲಾವಿದೆ ಕರೀನಾ ರೇಕ್ ಅನೋಗಿಯಾದ ಕುರಿಗಾಹಿಗಳ ಜೊತೆ ಸೇರಿ ಮಾಡಿದ ಶಾಂತಿಯೋಧನ ಆಕೃತಿ ಅದು. ಮೇಲಿನಿಂದ ನೋಡಿದರೆ ಮಾತ್ರ ಪೂರ್ತಿ ತಿಳಿಯುತ್ತದೆ, ಗುಹೆಯ ಕಡೆ ಏರುವಾಗ ಹಿಂತಿರುಗಿ ನೋಡಿ.

ಗುಹೆ ಸುಮಾರು 1,500 ಮೀಟರ್‌ನಲ್ಲಿದೆ, ಕಾರು ನಿಲ್ಲಿಸುವ ಕಡೆಯಿಂದ ಅರ್ಧ ಗಂಟೆಯೊಳಗಿನ ನಡಿಗೆ. 1885ರಲ್ಲಿ ಇಟಲಿಯ ಫೆಡೆರಿಕೊ ಹಾಲ್ಬೆರ್ ಇಲ್ಲಿ ಅಗೆದರು, ನೂರು ವರ್ಷದ ನಂತರ ಸಕೆಲ್ಲಾರಾಕಿಸ್ ಮತ್ತೆ ವಿವರವಾಗಿ ಅಗೆದರು. ಮಿನೋಅನ್ನರಿಂದ ರೋಮನ್ನರ ಕಾಲದವರೆಗೆ ಇಲ್ಲಿ ಪೂಜೆ ನಡೆದಿದೆ: ದಂತದ ಕೆತ್ತನೆ, ಚಿನ್ನ, ಕಂಚು, ರೋಮನ್ ಕಾಲದ ರಾಶಿರಾಶಿ ಮಣ್ಣಿನ ದೀಪಗಳು. ಬಾಯಿಯ ಎದುರು ಬಂಡೆಯಲ್ಲಿ ಕಡಿದ ಬಲಿಪೀಠವನ್ನು ಮರೆಯದೆ ನೋಡಿ. ಗಣಿತಜ್ಞ ಪೈಥಾಗೊರಸ್ ಕಪ್ಪು ಉಣ್ಣೆಯುಟ್ಟು ಇಲ್ಲಿ 27 ದಿನ ವ್ರತದಲ್ಲಿದ್ದನೆಂದು ಪ್ರಾಚೀನ ತತ್ವಜ್ಞಾನಿ ಪೋರ್ಫಿರಿ ಬರೆದಿದ್ದಾನೆ. ಕೆಲವು ಕಾಲ ಒಳಗೆ ಬಿಡುವುದಿಲ್ಲ, ಬೇಲಿ ಹಾರಬೇಡಿ.

ಹಂತ 7: ಶಿಖರ

ನಿಡಾದಿಂದ ಶಿಖರಕ್ಕೆ ಸಾವಿರ ಮೀಟರ್‌ಗೂ ಮೀರಿದ ಏರು. ಹೋಗಲು ನಾಲ್ಕು ಗಂಟೆ ಅಥವಾ ಇನ್ನಷ್ಟು, ಹೋಗಿಬರಲು ಪೂರ್ತಿ ಹಗಲು. ಮುಳ್ಳಯ್ಯನಗಿರಿ ಹತ್ತಿದ ಅನುಭವವನ್ನು ಇಲ್ಲಿಗೆ ಅಳತೆಯಾಗಿ ಇಟ್ಟುಕೊಳ್ಳಬೇಡಿ, ಇಲ್ಲಿ ಮರವಿಲ್ಲ, ಮಣ್ಣಿಲ್ಲ, ದಾರಿಯೆಲ್ಲ ಸಡಿಲು ಚೂಪುಗಲ್ಲು.

ಬೆಳಕು ಹರಿಯುವಾಗಲೇ ಹೊರಡಿ. ತಲಾ ಮೂರು ಲೀಟರ್ ನೀರು, ಗಟ್ಟಿ ಅಟ್ಟೆಯ ಬೂಟು, ಗಾಳಿ ತಡೆಯುವ ಜಾಕೆಟ್ ಬೇಸಿಗೆಯಲ್ಲೂ ಬೇಕು. ಯುರೋಪಿನ ಇ4 ದೂರದಾರಿಯ ಹಳದಿ-ಕಪ್ಪು ಗುರುತುಗಳನ್ನು ಹಿಡಿದು ನಡೆಯಿರಿ. ಗುರುತುಗಳ ನಡುವೆ ಅಂತರ ಹೆಚ್ಚು, ಮಂಜು ಕವಿದರೆ ಹತ್ತು ಹೆಜ್ಜೆ ಮುಂದಿನದು ಕಾಣದು. ಹಾಗಾಗಿ ಫೋನಿನಲ್ಲಿ ಜಿಪಿಎಸ್ ಜಾಡನ್ನು ಮೊದಲೇ ಇಳಿಸಿಕೊಂಡಿರಿ. ಮಧ್ಯಾಹ್ನ ಮೋಡ ಗಟ್ಟಿಯಾದರೆ ಶಿಖರ ಎಷ್ಟೇ ಹತ್ತಿರವಿದ್ದರೂ ಇಳಿಯಿರಿ. ಕುರಿ ಬೇಲಿಯ ಗೇಟು ತೆರೆದರೆ ಮುಚ್ಚಿ. ಕುರಿನಾಯಿಗಳು ಬೊಗಳುತ್ತಾ ಬಂದರೆ ಓಡದೆ, ಮಂದೆಯಿಂದ ದೂರ ಸುತ್ತಿಕೊಂಡು ಹೋಗಿ. ತುರ್ತಿಗೆ 112.

ಏರುವಾಗ ಕಣ್ಣು ನೆಲದ ಮೇಲಿರಲಿ. ಹಿಮ ಕರಗುವ ಅಂಚಿನಲ್ಲಿ ಕೇಸರಿ ಜಾತಿಯ ಪುಟ್ಟ ಹೂಗಳು ಏಳುತ್ತವೆ. ಮುಳ್ಳಿನ ಮೆತ್ತೆಯಂತೆ ದುಂಡಗೆ ಕೂತ ಪೊದೆಗಳು ಕುರಿಯ ಬಾಯಿಗೂ ಗಾಳಿಗೂ ಸಿಗದಿರಲು ಆ ಆಕಾರ ತಳೆದವು. ಮಲೋಟಿರಾ ಎಂಬ ಬೆಟ್ಟದ ಚಹಾ ಗಿಡ ಬಿಳಿ ತುಪ್ಪಟದ ಎಲೆಗಳಿಂದ ಗುರುತು ಸಿಗುತ್ತದೆ. ಕಡಿದಾದ ಬಂಡೆಗಳಲ್ಲಿ ಬೆಳೆಯುವ ಡಿಕ್ಟಮೊಸ್ ಕ್ರೀಟ್ ಬಿಟ್ಟರೆ ಬೇರೆಲ್ಲೂ ಕಾಡಿನಲ್ಲಿ ಬೆಳೆಯದು. ಬಾಣ ತಾಗಿದ ಕಾಡುಮೇಕೆ ಈ ಎಲೆ ತಿಂದರೆ ಬಾಣ ತಾನಾಗಿ ಉದುರುತ್ತದೆ ಎಂಬ ಕಥೆಯನ್ನು ಅರಿಸ್ಟಾಟಲ್ ಕೂಡ ಬರೆದಿಟ್ಟಿದ್ದಾನೆ. ಪ್ರೇಯಸಿಗಾಗಿ ಇದನ್ನು ತರಲು ಹೋಗಿ ಬಂಡೆಯಿಂದ ಬಿದ್ದ ಹುಡುಗರ ಕಥೆಗಳು ಊರೂರಲ್ಲಿವೆ. ಒಂದೆಲೆಯನ್ನೂ ಕೀಳಬೇಡಿ, ಪೇಟೆಯಲ್ಲಿ ಬೆಳೆಸಿದ ಡಿಕ್ಟಮೊಸ್ ಸಿಗುತ್ತದೆ.

ಕೆಳಗಿನ ಇಳಿಜಾರುಗಳಲ್ಲಿ ಆಂಬೆಲಿತ್ಸಿಯಾ ಎಂಬ ಮರವನ್ನು ಹುಡುಕಿ. ಇದೂ ಕ್ರೀಟ್‌ನದೇ ಸ್ವಂತ ಮರ, ಹಿಮಯುಗಗಳನ್ನು ದಾಟಿ ಉಳಿದ ಹಳೆಯ ಕುಲ. ಮೇಕೆಗಳು ಮೇಯ್ದು ಮೇಯ್ದು ಮಂಡಿಯೆತ್ತರದ ಪೊದೆಯಾಗಿಯೇ ಉಳಿದಿರುತ್ತದೆ, ವಯಸ್ಸು ಮಾತ್ರ ಶತಮಾನಗಳಷ್ಟಿರಬಹುದು. ಕುರಿಗಾಹಿಯ ಕೊಕ್ಕೆಗೋಲು ಕಟ್ಸೂನಾ ಇದೇ ಮರದ್ದು.

ತಲೆಯೆತ್ತಿದರೆ ಹದ್ದುಗಳು. ಉದ್ದನೆಯ ಬೆಣೆಯಾಕಾರದ ಬಾಲ ಕಂಡರೆ ಅದು ಗಡ್ಡದ ರಣಹದ್ದು. ಇಡೀ ಗ್ರೀಸ್‌ನಲ್ಲಿ ಈಗ ಅದು ಮರಿ ಮಾಡುವುದು ಕ್ರೀಟ್‌ನಲ್ಲಿ ಮಾತ್ರ. ಮೂಳೆಯೇ ಅದರ ಮುಖ್ಯ ಆಹಾರ: ದೊಡ್ಡ ಮೂಳೆಯನ್ನು ಎತ್ತರಕ್ಕೆ ಒಯ್ದು ಬಂಡೆಯ ಮೇಲೆ ಬೀಳಿಸಿ ಒಡೆದು ನುಂಗುತ್ತದೆ.

ಶಿಖರದಲ್ಲಿ ಪವಿತ್ರ ಶಿಲುಬೆಯ ಪುಟ್ಟ ಗುಡಿಯಿದೆ. ಕೆಳಗೆ ಕಂಡ ಮಿಟಾಟೊ ರೀತಿಯಲ್ಲೇ, ಗಾರೆಯಿಲ್ಲದೆ ಬರಿಗಲ್ಲಿನಲ್ಲಿ ಕಟ್ಟಿದ್ದು. ಉತ್ತರಕ್ಕೆ ಕ್ರೀಟ್ ಸಮುದ್ರ, ದಕ್ಷಿಣಕ್ಕೆ ಲಿಬಿಯಾ ಸಮುದ್ರ, ಪಶ್ಚಿಮಕ್ಕೆ ಲೆಫ್ಕಾ ಓರಿ ಪರ್ವತಸಾಲು. ಅಲ್ಲಿನ ಪಾಖ್ನೆಸ್ ಶಿಖರ 2,453 ಮೀಟರ್, ಇದಕ್ಕಿಂತ ಮೂರೇ ಮೀಟರ್ ಕಡಿಮೆ. ಆ ಕೊರತೆ ತುಂಬಲು ಅಲ್ಲಿನವರು ಪ್ರತಿ ಸಲ ಹತ್ತುವಾಗಲೂ ಒಂದೊಂದು ಕಲ್ಲು ಒಯ್ದು ಗುಡ್ಡೆ ಹಾಕುತ್ತಾರೆಂಬ ಮಾತಿದೆ. ಸೆಪ್ಟೆಂಬರ್ 14 ಈ ಗುಡಿಯ ಹಬ್ಬ. ಹಿಂದಿನ ದಿನವೇ ಜನ ಹತ್ತಿ ಮೇಲೆಯೇ ರಾತ್ರಿ ಕಳೆಯುತ್ತಾರೆ. ನೀವೂ ಹೋಗುವುದಾದರೆ ಸೊನ್ನೆ ಡಿಗ್ರಿಯ ಚಳಿಗೆ ಸಿದ್ಧವಾಗಿರಿ.

ಹಂತ 8: ದಕ್ಷಿಣದ ಕಡೆಯಿಂದ ಇನ್ನೊಮ್ಮೆ

ಒಂದು ದಿನ ಉಳಿದಿದ್ದರೆ ಫೈಸ್ಟೊಸ್ ಅರಮನೆಗೆ ಹೋಗಿ. ಅಲ್ಲಿನ ಅಂಗಳದಿಂದ ಉತ್ತರಕ್ಕೆ ನೋಡಿದರೆ ಬೆಟ್ಟದ ಸಾಲಿನಲ್ಲಿ ಎರಡು ದಿಬ್ಬ, ನಡುವೆ ತಗ್ಗು. ಅದು ದಿಗೆನಿಸ್‌ನ ಜೀನು ಎನ್ನುತ್ತಾರೆ. ಬೈಜಾಂಟೈನ್ ಗಡಿಯ ವೀರ ದಿಗೆನಿಸ್ ಕ್ರೀಟ್‌ನ ಜನಪದದಲ್ಲಿ ಬೆಟ್ಟದಿಂದ ಬೆಟ್ಟಕ್ಕೆ ಕಾಲಿಡುವ ದೈತ್ಯನಾಗಿದ್ದಾನೆ. ಅದೇ ತಗ್ಗಿನ ಕೆಳಗೆ ಕಪ್ಪಗೆ ಕಾಣುವುದು ಕಮಾರೆಸ್ ಗುಹೆಯ ಬಾಯಿ, ಎತ್ತರ 1,524 ಮೀಟರ್. 1890ರ ಸುಮಾರಿಗೆ ಅಲ್ಲಿ ಸಿಕ್ಕ ಮಡಕೆಗಳಿಂದಲೇ ಕಮಾರೆಸ್ ಶೈಲಿ ಜಗತ್ತಿಗೆ ಗೊತ್ತಾಯಿತು: ಕಪ್ಪು ಮೈ ಮೇಲೆ ಬಿಳಿ, ಕೆಂಪು, ಕಿತ್ತಳೆ ಬಣ್ಣದ ಸುರುಳಿಗಳು, ಕೆಲವು ಬಟ್ಟಲುಗಳ ಅಂಚು ಮೊಟ್ಟೆಯ ಸಿಪ್ಪೆಯಷ್ಟು ತೆಳು. ಇದೇ ಮಡಕೆಗಳ ಚೂರು ಈಜಿಪ್ಟ್‌ನ ಕಾಹುನ್‌ನಲ್ಲೂ ಸಿಕ್ಕಿವೆ.

ಕಮಾರೆಸ್ ಹಳ್ಳಿಯಿಂದ ಗುಹೆಗೆ ಸುಮಾರು 900 ಮೀಟರ್ ಕಡಿದಾದ ಏರು, ಮೂರರಿಂದ ನಾಲ್ಕು ಗಂಟೆ. ಶಿಖರ ಹತ್ತಿದ ಮರುದಿನವೇ ಇದನ್ನು ಇಟ್ಟುಕೊಳ್ಳಬೇಡಿ. ಮೊಣಕಾಲು ಸೋತಿದ್ದರೆ ಬದಲಿಗೆ ಗೆರ್ಗೆರಿ ಮೇಲಿನ ರೂವಾಸ್ ಕಾಡಿಗೆ ಹೋಗಿ. ಬೇರೆಡೆ ಪೊದೆಯಾಗಿಯೇ ಉಳಿಯುವ ಪ್ರಿನೊಸ್ ಓಕ್ ಅಲ್ಲಿ ದೊಡ್ಡ ಮರವಾಗಿ ಬೆಳೆದಿದೆ, ನೆರಳಿದೆ, ಜಾರೊಸ್ ಕಡೆಗೆ ಕಣಿವೆಯಗುಂಟ ಇಳಿಯುವ ಕಾಲುದಾರಿಯೂ ಇದೆ. ಕಾರನ್ನು ಜಾರೊಸ್‌ನಲ್ಲಿ ಬಿಟ್ಟು, ಅಲ್ಲಿಂದ ಮೇಲಕ್ಕೆ ನಡೆದು ಅದೇ ದಾರಿಯಲ್ಲಿ ಮರಳುವುದು ಸುಲಭ.